ಪೈನ್‌ವುಡ್ ಡರ್ಬಿ: ಉಜ್ಜಿದ ಮೇಲೆ ಚಕ್ರ ಇನ್ನೂ ಜಾಸ್ತಿ ಕುಣಿಯುತ್ತಿದೆ. ಏನು ಮಾಡಲಿ?

ಮಿಡತೆ ಕಾರಿನ ಅಮ್ಮ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು, ಕಬ್ ಸ್ಕೌಟ್ಸ್ (ಚಿಕ್ಕ ಮಕ್ಕಳ ಸ್ಕೌಟ್ ತಂಡ) ಸೇರಿ ಎರಡನೇ ವರ್ಷ. ಇನ್ನು ಹನ್ನೆರಡು ದಿನಕ್ಕೆ ಅವರ ಪ್ಯಾಕಿನ, ಅಂದರೆ ಅವರ ಸ್ಕೌಟ್ ಗುಂಪಿನ, ಪೈನ್‌ವುಡ್ ಡರ್ಬಿ ಇದೆ. ಗೊತ್ತಿಲ್ಲದವರಿಗೆ ಒಂದು ಮಾತು. ಇದು ಪುಟ್ಟ ಮರದ ಕಾರುಗಳ ಓಟ. ಕಿಟ್‌ನಲ್ಲಿ 7 ಇಂಚಿನ ಪೈನ್ ಮರದ ತುಂಡು, 4 ಪ್ಲಾಸ್ಟಿಕ್ ಚಕ್ರ, ಆಕ್ಸಲ್ (ಚಕ್ರ ತಿರುಗುವ ಕಡ್ಡಿ) ಆಗಿ 4 ಮೊಳೆ ಕೊಡುತ್ತಾರೆ. ಕಾರನ್ನು ಮಕ್ಕಳೇ ಕೆತ್ತಬೇಕು. ಇಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಮೇಲಿನಿಂದ ಬಿಟ್ಟರೆ ಇಳಿಜಾರಿನಲ್ಲಿ ತಾನೇ ಓಡಬೇಕು. ತೂಕ 5 ಔನ್ಸ್ (ಸುಮಾರು 142 ಗ್ರಾಂ) ಮೀರುವ ಹಾಗಿಲ್ಲ.

ಮಗಳು ಹಸಿರು ಮಿಡತೆ ಮಾಡಿದ್ದಾಳೆ. ಉದ್ದ ಮುಖ, ಹಿಂದೆ ಮಡಿಸಿದ ಕಾಲು, ಬಣ್ಣ ಎಲ್ಲ ಅವಳೇ. ಚಕ್ರ ಹಾಕಿ ಊಟದ ಮೇಜಿನ ಮೇಲೆ ಉರುಳಿಸಿದರೆ ಟಿಕ್ ಟಿಕ್ ಅಂತ ಸದ್ದು. ಚಕ್ರಗಳಿಗೆ ಟೇಪ್ ಅಂಟಿಸಿ 1ರಿಂದ 4 ನಂಬರ್ ಬರೆದೆವು. 1ನೇ ಚಕ್ರದ ಅಂಚಿನಲ್ಲಿ, ಅಂದರೆ ನೆಲಕ್ಕೆ ತಾಗುವ ಜಾಗದಲ್ಲಿ, ಒಂದು ಸಣ್ಣ ಉಬ್ಬು ಇತ್ತು. ಉಗುರು ಆಡಿಸಿದರೆ ಸಿಗುತ್ತಿತ್ತು. 3ನೇ ಚಕ್ರ ತಿರುಗುವಾಗ ಆ ಕಡೆ ಈ ಕಡೆ ಓಲಾಡುತ್ತದೆ.

ನಾನು 1ನೇ ಚಕ್ರದ ತೂತಿಗೆ ಒಂದು ಸಣ್ಣ ಬೋಲ್ಟ್ ತೂರಿಸಿ, ಎರಡೂ ಕಡೆ ನಟ್ ಬಿಗಿದು, ಡ್ರಿಲ್ ಮಷೀನಿಗೆ ಹಾಕಿ ಸ್ಯಾಂಡ್ ಪೇಪರ್ ಹಿಡಿದೆ. ಉಬ್ಬು ಹೋಯಿತು. ಅಂಚು ನುಣ್ಣಗೆ ಹೊಳೆಯುತ್ತಿದೆ. ಆದರೆ ಕಾರಿಗೆ ಹಾಕಿದರೆ ಈಗ ಮೊದಲಿಗಿಂತ ಜಾಸ್ತಿ ಮೇಲೆ ಕೆಳಗೆ ಕುಣಿಯುತ್ತಿದೆ. 3ನೇ ಚಕ್ರಕ್ಕೂ ಹಾಗೇ ಮಾಡಿದೆ, ಓಲಾಟ ಒಂದು ಚೂರೂ ಕಡಿಮೆಯಾಗಲಿಲ್ಲ. "ಅಮ್ಮ, ನೀನು ಮುಟ್ಟೋಕೆ ಮುಂಚೆನೇ ಚೆನ್ನಾಗಿತ್ತು" ಅಂದಳು ಮಗಳು. ಆ ಮಾತು ನಾಟಿತು. ಎರಡು ದಿನದಿಂದ ಕಾರು ಕಪಾಟಿನ ಮೇಲೆ ಕೂತಿದೆ.

ನಮ್ಮ ಪ್ಯಾಕಿನ ನಿಯಮ: ಕಿಟ್‌ನ ಚಕ್ರವೇ ಇರಬೇಕು. ಸ್ಯಾಂಡ್ ಪೇಪರ್‌ನಿಂದ ಉಜ್ಜಬಹುದು. ಲೇಥ್‌ನಲ್ಲಿ ಕಡೆಯುವ ಹಾಗಿಲ್ಲ, ತೂಕ ಇಳಿಸುವ ಹಾಗಿಲ್ಲ. ನಾಲ್ಕೂ ಚಕ್ರ ನೆಲ ಮುಟ್ಟಲೇಬೇಕು ಅಂತ ಎಲ್ಲೂ ಬರೆದಿಲ್ಲ.

1ನೇ ಚಕ್ರ ಪೂರ್ತಿ ಹಾಳಾಯಿತಾ? 3ನೆಯದರ ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ?


ಎರಡು ಮಕ್ಕಳ ಅಪ್ಪ ಬರೆದದ್ದು:

ಅಕ್ಕ, ಸುಮ್ನೆ ಇನ್ನೊಂದು ಪ್ಯಾಕೆಟ್ ಚಕ್ರ ತಗೊಳ್ಳಿ. ಅದೇ ಚಕ್ರ ಬೇರೆಯಾಗಿಯೂ ಸಿಗುತ್ತದೆ. ನನ್ನ ಅನುಭವದಲ್ಲಿ ಚಕ್ರಕ್ಕಿಂತ ತೂಕ ಮುಖ್ಯ. 5 ಔನ್ಸ್ ತನಕ ಪೂರ್ತಿ ತುಂಬಿಸಿ, ಹೆಚ್ಚಿನ ತೂಕ ಹಿಂದೆ ಇರಲಿ. ಕಾರನ್ನು ಬೆರಳ ಮೇಲೆ ನಿಲ್ಲಿಸಿದರೆ ಹಿಂದಿನ ಆಕ್ಸಲ್‌ಗಿಂತ ಒಂದು ಇಂಚು ಮುಂದೆ ಸಮ ನಿಲ್ಲಬೇಕು. ಹೊರಡುವಾಗ ಕಾರಿನ ಹಿಂಭಾಗ ಎತ್ತರದಲ್ಲಿರುತ್ತದೆ ಅಲ್ವಾ, ತೂಕ ಅಲ್ಲಿದ್ದರೆ ಇಳಿಯೋಕೆ ಜಾಸ್ತಿ ಎತ್ತರ ಸಿಗುತ್ತದೆ. ಇದೊಂದು ಸರಿ ಮಾಡಿದ್ದಕ್ಕೆ ಹೋದ ವರ್ಷ ನಮ್ಮ ದೊಡ್ಡವನ ಕಾರು ಎರಡನೇ ಸ್ಥಾನಕ್ಕೆ ಬಂತು.


ಟೂಲ್ ರೂಮ್ ತಾತ ಬರೆದದ್ದು:

ನೋಡಿಮ್ಮ, ಮೊದಲು ಆ ಮಗುವಿಗೆ ಹೇಳಿ, ಚಕ್ರ ಹಾಳಾಗಿಲ್ಲ. ಹನ್ನೆರಡು ದಿನ ಬೇಕಾದಷ್ಟಾಯಿತು.

ನಾನು ಕಾರ್ಖಾನೆಯ ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವನು. ಈಗ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗನ ಜೊತೆ ಮೂರು ವರ್ಷ ಈ ಕಾರು ಮಾಡಿದ್ದೇನೆ. ಮೇಲಿನವರು ತೂಕದ ಬಗ್ಗೆ ಹೇಳಿದ್ದು ಸರಿ. ಆದರೆ ಹೊಸ ಪ್ಯಾಕೆಟ್ ತಂದರೆ ತೊಂದರೆ ಮುಗಿಯುತ್ತದೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಅಚ್ಚಿನಿಂದ ಬಂದ ಚಕ್ರ ಒಂದು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಅಳೆದು ನೋಡಲು ಬರದಿದ್ದರೆ ಹೊಸ ಪ್ಯಾಕೆಟ್ ಕೂಡ ಅದೃಷ್ಟದ ಆಟವೇ. ಉಜ್ಜುವುದು ಆಮೇಲೆ. ಮೊದಲು ಅಳೆಯಬೇಕು.

ನಿಮ್ಮ 1ನೇ ಚಕ್ರಕ್ಕೆ ಏನಾಗಿದೆ ಅಂತ ನನಗೆ ಇಲ್ಲಿಂದಲೇ ಕಾಣುತ್ತಿದೆ. ಈ ಚಕ್ರದ ತೂತು ಸುಮಾರು 2.5 ಮಿ.ಮೀ. ಅದರೊಳಗೆ ಸಲೀಸಾಗಿ ಹೋಗುವ ಬೋಲ್ಟ್ ಅಂದರೆ 2 ನಂಬರ್ ಬೋಲ್ಟ್ ಇರಬೇಕು, ಅದು ಸುಮಾರು 2.2 ಮಿ.ಮೀ. ನಡುವೆ 0.3 ಮಿ.ಮೀ. ಸಡಿಲ. ನೀವು ನಟ್ ಬಿಗಿಯುವಾಗ ಚಕ್ರ ಒಂದು ಬದಿಗೆ ಸರಿದು ಅಲ್ಲೇ ಕಚ್ಚಿಕೊಂಡಿತು. ಡ್ರಿಲ್ ತಿರುಗಿದಾಗ ಚಕ್ರ ಬೋಲ್ಟಿನ ನಡುವನ್ನು ಹಿಡಿದು ತಿರುಗಿತು. ನೀವು ಉಜ್ಜಿದಿರಿ. ಅಂಚು ದುಂಡಗೇ ಆಗಿದೆ, ಆದರೆ ಬೋಲ್ಟಿನ ಲೆಕ್ಕಕ್ಕೆ ದುಂಡಗೆ. ಕಾರಿಗೆ ಹಾಕಿದಾಗ ಚಕ್ರ ತಿರುಗೋದು ತನ್ನ ತೂತಿನ ಲೆಕ್ಕಕ್ಕೆ. ಎರಡೂ ನಡುವೆ 0.15 ಮಿ.ಮೀ. ವ್ಯತ್ಯಾಸ ಬಂದರೆ ಸುತ್ತಿಗೊಮ್ಮೆ ಕಾರು 0.3 ಮಿ.ಮೀ. ಎದ್ದು ಬೀಳುತ್ತದೆ. ಮೂರು ಹಾಳೆ ಕಾಗದದಷ್ಟು ದಪ್ಪ.

ಇದು ಚಿಕ್ಕದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಚಕ್ರದ ಅಡ್ಡಳತೆ ಸುಮಾರು 30 ಮಿ.ಮೀ., ಅಂದರೆ ಸುತ್ತಳತೆ 94 ಮಿ.ಮೀ. 40 ಅಡಿ ಟ್ರ್ಯಾಕ್ ಆದರೆ ಒಂದು ಓಟಕ್ಕೆ ಸುಮಾರು 130 ಸುತ್ತು. 4 ಅಡಿ ಎತ್ತರದಿಂದ ಇಳಿದ ಕಾರು ಕೆಳಗೆ ಸಮತಟ್ಟಿಗೆ ಬರುವಾಗ ಸೆಕೆಂಡಿಗೆ ಸುಮಾರು 4.5 ಮೀಟರ್ ವೇಗದಲ್ಲಿರುತ್ತದೆ. ಆಗ ಚಕ್ರ ಸೆಕೆಂಡಿಗೆ 48 ಸಲ ಸುತ್ತುತ್ತದೆ. ಅಷ್ಟೂ ಸಲ ಕಾರನ್ನು ಎತ್ತಿ ಇಳಿಸುವ ಕೆಲಸ. ಆ ಶಕ್ತಿ ಓಟದಿಂದಲೇ ಕಳೆಯಬೇಕು.

ಈಗ ಅಳೆಯುವ ವಿಧಾನ. ಡಯಲ್ ಗೇಜ್ ಅನ್ನೋ ಅಳತೆ ಉಪಕರಣ ಬೇಡ. ಕಿಟ್‌ನ ಒಂದು ನೇರ ಮೊಳೆಯನ್ನು ಮರದ ತುಂಡಿಗೆ ಅಡ್ಡಕ್ಕೆ ಗಟ್ಟಿಯಾಗಿ ಸಿಕ್ಕಿಸಿ. ಚಕ್ರ ಅದರ ಮೇಲೆ ತೂಗಲಿ. ಚಕ್ರದ ನೆತ್ತಿಯ ಮೇಲೆ ಒಂದು ಪೆನ್ಸಿಲ್ ಬರುವ ಹಾಗೆ ಪುಸ್ತಕಗಳ ಮೇಲೆ ಅಡ್ಡ ಇಟ್ಟು ಟೇಪ್ ಹಾಕಿ, ಮುಟ್ಟಿತೋ ಇಲ್ಲವೋ ಅನ್ನುವಷ್ಟು ಹತ್ತಿರಕ್ಕೆ. ಹಿಂದೆ ಒಂದು ಟಾರ್ಚ್ ಇಡಿ. ಈಗ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆದುಕೊಂಡೇ ಸುತ್ತಿಸಿ. ಈ ಎಳೆಯೋದು ಮುಖ್ಯ. ಮೊಳೆ ತೂತಿಗಿಂತ ಸಣ್ಣದು, ಸಡಿಲ ಇದ್ದೇ ಇರುತ್ತದೆ. ಎಳೆಯದಿದ್ದರೆ ನೀವು ಆ ಸಡಿಲವನ್ನು ಅಳೆದು ಚಕ್ರದ ತಪ್ಪು ಅಂದುಕೊಳ್ಳುತ್ತೀರಿ. ಓಡುವಾಗ ಕಾರಿನ ಭಾರಕ್ಕೆ ಮೊಳೆ ತೂತಿನ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ. ಆ ಬದಿಯಿಂದ ಅಂಚಿನ ತನಕ ಇರುವ ದೂರ ಸುತ್ತಲೂ ಒಂದೇ ಆಗಿದ್ದರೆ ಸಾಕು. ಟಾರ್ಚಿನ ಬೆಳಕಿನ ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ನೋಡಿ. ಆ ಸಂದಿಗೆ ಕಾಗದದ ಪಟ್ಟಿ ತೂರಿಸಿ ಎಣಿಸಿ. ಸಾಮಾನ್ಯ ಪ್ರಿಂಟರ್ ಕಾಗದ ಒಂದು ಹಾಳೆ 0.1 ಮಿ.ಮೀ. ನಾಲ್ಕೂ ಚಕ್ರ ಹೀಗೆ ಅಳೆದು ಬರೆದಿಡಿ. ಕಣ್ಣಿಗೆ ಚೆನ್ನಾಗಿ ಕಂಡ 2, 4ನ್ನೂ ಬಿಡಬೇಡಿ.

3ನೆಯದು ಬೇರೆ ಕಥೆ. ಅದು ಪಕ್ಕಕ್ಕೆ ಓಲಾಡುತ್ತದೆ ಅಂದಿರಿ. ಈ ಕಾರಿನಲ್ಲಿ ಮೊಳೆ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ. ಮೊಳೆ ಬಗ್ಗಿದ್ದರೆ ಚಕ್ರ ಒಂದೇ ಕಡೆ ವಾಲಿಕೊಂಡಿರಬೇಕು, ಓಲಾಡಬಾರದು. ಹಾಗಾದರೆ ಎರಡು ಸಾಧ್ಯತೆ. ಒಂದು, ಚಕ್ರದ ತೂತೇ ಸೊಟ್ಟ. ಇನ್ನೊಂದು, ಮೊಳೆ ಬಗ್ಗಿದೆ ಮತ್ತು ಮರದಲ್ಲಿ ಸಡಿಲವಾಗಿ ಚಕ್ರದ ಜೊತೆ ತಾನೂ ತಿರುಗುತ್ತಿದೆ. ನನಗೆ ಎರಡನೆಯದರ ಮೇಲೇ ಅನುಮಾನ, ಯಾಕೆಂದರೆ ಉಜ್ಜಿದರೂ ಏನೂ ಬದಲಾಗಲಿಲ್ಲ ಅಂದಿರಿ. ಮೊಳೆಯ ತಲೆಯ ಮೇಲೆ, ನಡುವೆ ಅಲ್ಲ, ಅಂಚಿನ ಹತ್ತಿರ, ಒಂದು ಬಣ್ಣದ ಚುಕ್ಕೆ ಇಡಿ. ಚಕ್ರ ತಿರುಗಿಸಿ. ಚುಕ್ಕೆ ಇದ್ದಲ್ಲೇ ಇರಬೇಕು. ಸರಿದಾಡಿದರೆ ಕಳ್ಳ ಸಿಕ್ಕಿದ. ಆಮೇಲೆ 3ನೇ ಚಕ್ರವನ್ನು 2ರ ಮೊಳೆಗೆ ಹಾಕಿ ನೋಡಿ. ಓಲಾಟ ಚಕ್ರದ ಜೊತೆ ಹೋಯಿತಾ, ಹಳೇ ಮೊಳೆಯ ಹತ್ತಿರವೇ ಉಳಿಯಿತಾ?

ಇಷ್ಟು ಮಾಡಿ ಬಂದು ಹೇಳಿ. ಅಲ್ಲಿಯ ತನಕ ಡ್ರಿಲ್ ಮುಟ್ಟಬೇಡಿ.


ಮಿಡತೆ ಕಾರಿನ ಅಮ್ಮ ಬರೆದದ್ದು:

ಸರ್, ತುಂಬಾ ಧನ್ಯವಾದ. ಬೋಲ್ಟ್ 2 ನಂಬರೇ. ಡಬ್ಬಿ ಮೇಲೆ ನೋಡಿದೆ.

ನಿನ್ನೆ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತೆವು. ಮಗಳು ಟಾರ್ಚ್ ಹಿಡಿದಳು, ಕಾಗದದ ಪಟ್ಟಿ ಕತ್ತರಿಸಿದ್ದೂ ಅವಳೇ. 1ನೇ ಚಕ್ರದಲ್ಲಿ ಒಂದು ಕಡೆ ಮೂರು ಹಾಳೆ ಹೋಯಿತು. ಅದಕ್ಕೆ ಸರಿಯಾಗಿ ಎದುರು ಒಂದೂ ಹೋಗಲಿಲ್ಲ. ನೀವು ಹೇಳಿದ ಲೆಕ್ಕವೇ ಬಂತು. ಅವಳು ಮೂರು ಸಲ ಎಣಿಸಿದಳು.

2ನೇ ಚಕ್ರ ಒಂದು ಹಾಳೆಯೂ ಇಲ್ಲ. 3ನೆಯದೂ ಹಾಗೇ, ಒಂದು ಹಾಳೆ ಬಿಗಿಯಾಗಿ ಸಿಕ್ಕಿಕೊಂಡಿತು ಅಷ್ಟೇ. ನಾನು ಅದನ್ನು ಬೋಲ್ಟಿಗೆ ಹಾಕಿದ್ದು ಹತ್ತು ಸೆಕೆಂಡ್ ಮಾತ್ರ, ಅದಕ್ಕೇ ಉಳಿದುಕೊಂಡಿರಬೇಕು. 4ನೆಯದು ಆಶ್ಚರ್ಯ. ನೋಡೋಕೆ ತುಂಬಾ ಚೆನ್ನಾಗಿತ್ತು, ಎರಡು ಹಾಳೆ ಹೋಯಿತು.

ಮೊಳೆಯ ತಲೆಗೆ ಉಗುರು ಬಣ್ಣದ ಚುಕ್ಕೆ ಇಟ್ಟೆವು. 3ರಲ್ಲಿ ಚುಕ್ಕೆ ತಿರುಗಿತು! ನಿಧಾನಕ್ಕೆ, ಚಕ್ರ ನಾಲ್ಕೈದು ಸುತ್ತು ಬಂದರೆ ಅದು ಒಂದು ಸುತ್ತು. ಬೇರೆ ಮೂರರಲ್ಲಿ ಕದಲಲಿಲ್ಲ. ಚಕ್ರ ಬದಲಿಸಿ ಹಾಕಿದರೆ ಓಲಾಟ ಹಳೇ ಮೊಳೆಯ ಹತ್ತಿರವೇ ಉಳಿಯಿತು. ಆ ಮೊಳೆಯನ್ನು ನಾವು ನಾಲ್ಕೈದು ಸಲ ಕಿತ್ತು ಹಾಕಿದ್ದೆವು. ಮೊಳೆ ಕೂರುವ ಮರದ ಸೀಳು ಸಡಿಲವಾಗಿದೆ. ಆ ಚಕ್ರದ ತಪ್ಪೇ ಇರಲಿಲ್ಲ, ಸುಮ್ನೆ ಅದನ್ನು ಉಜ್ಜಿಬಿಟ್ಟೆ.

ಈಗ 1 ಮತ್ತು 4ನ್ನು ಹೇಗೆ ಸರಿ ಮಾಡಲಿ? ಮತ್ತೆ ಬೋಲ್ಟಿಗೆ ಹಾಕೋಕೆ ಭಯ.


ಟೂಲ್ ರೂಮ್ ತಾತ ಬರೆದದ್ದು:

ಮೂರು ಸಲ ಎಣಿಸಿದಳು ಅಂದಿರಲ್ಲ, ಆ ಮಗುವಿಗೆ ಈ ಕೆಲಸ ಒಲಿಯುತ್ತದೆ.

ಮೊದಲು ಮೊಳೆ. ಗಾಜಿನ ಮೇಲೆ ಇಟ್ಟು, ತಲೆ ಅಂಚಿನಿಂದ ಹೊರಗೆ ಇರುವ ಹಾಗೆ ಉರುಳಿಸಿ. ತಲೆ ಎದ್ದು ಬಿದ್ದು ಆದರೆ ಬಗ್ಗಿದೆ. ಉಬ್ಬಿದ ಬದಿ ಮೇಲೆ ಮಾಡಿ ಗಟ್ಟಿ ಮರದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಮತ್ತೆ ಉರುಳಿಸಿ. ನಾಲ್ಕು ಮೊಳೆಯ ತಲೆಯ ಅಡಿಭಾಗವನ್ನೂ ನೋಡಿ. ಅಲ್ಲಿ ಲೋಹದ ಸಣ್ಣ ಗೀರು ಎದ್ದಿರುತ್ತದೆ. ಅದು ಚಕ್ರವನ್ನು ಕೆರೆಯುತ್ತದೆ. ಸಣ್ಣ ಅರದಿಂದ ತೆಗೆದು, ಆಮೇಲೆ ಮೊಳೆಯನ್ನು ಡ್ರಿಲ್‌ಗೆ ಹಾಕಿ 400, 600, 1000 ನಂಬರ್ ಸ್ಯಾಂಡ್ ಪೇಪರ್‌ನಿಂದ ಕ್ರಮವಾಗಿ ನುಣುಪು ಮಾಡಿ. ಸೀಳು ಸಡಿಲ ಇರುವ ಕಡೆ ಒಂದು ತೆಳು ಮರದ ಚಕ್ಕೆ ಸೇರಿಸಿ ಬಿಗಿ ಮಾಡಬಹುದು. ಅಂಟು ಮಾತ್ರ ಎಲ್ಲ ಮುಗಿದ ಮೇಲೆ.

ಈಗ ಚಕ್ರ. ತೂತನ್ನು ಒಳಗಿನಿಂದ ಹಿಗ್ಗಿ ಹಿಡಿಯುವ ಮ್ಯಾಂಡ್ರೆಲ್ ಅಂತ ಒಂದು ಸಣ್ಣ ಕಡ್ಡಿ ಸಿಗುತ್ತದೆ. ಈ ಚಕ್ರಕ್ಕಾಗಿಯೇ ಮಾಡಿದ್ದು. ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ನಿಮ್ಮ ಬೋಲ್ಟೇ ಆಗುತ್ತದೆ. ತೆಳು ಪಾರದರ್ಶಕ ಟೇಪ್ ಸುತ್ತಿ. ಆ ಟೇಪ್ ಸುಮಾರು 0.05 ಮಿ.ಮೀ. ದಪ್ಪ, ಮೂರು ಸುತ್ತು ಸುತ್ತಿದರೆ ಸಡಿಲ ತುಂಬುತ್ತದೆ. ಚಕ್ರ ಒತ್ತಿದರೆ ಮಾತ್ರ ಹೋಗಬೇಕು, ತಾನಾಗಿ ಜಾರಬಾರದು. ನಟ್ ಮೆಲ್ಲಗೆ ಬಿಗಿಯಿರಿ, ಬಲ ಹಾಕಿದರೆ ಚಕ್ರ ಬಗ್ಗುತ್ತದೆ.

ಡ್ರಿಲ್ ಅನ್ನು ಮೇಜಿಗೆ ಕ್ಲ್ಯಾಂಪ್ ಮಾಡಿ. ಕೈಯಲ್ಲಿ ಹಿಡಿದು ಮಾಡುವ ಕೆಲಸ ಅಲ್ಲ ಇದು. ಸ್ಯಾಂಡ್ ಪೇಪರನ್ನು ಬೆರಳಿನಿಂದ ಒತ್ತಬೇಡಿ. ಬೆರಳು ಮೆತ್ತಗಿರುತ್ತದೆ. ಉಬ್ಬು ಬಂದಾಗ ಹಿಂದೆ ಸರಿಯುತ್ತದೆ, ತಗ್ಗು ಬಂದಾಗ ಒಳಗೆ ಹೋಗುತ್ತದೆ. ಇರುವ ಸೊಟ್ಟವನ್ನೇ ನುಣ್ಣಗೆ ಮಾಡಿ ಕೊಡುತ್ತದೆ. ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಅಂಟಿಸಿ. ಆ ತುಂಡನ್ನು ಮೇಜಿನ ಮೇಲೆ ಇಟ್ಟು, ಚಕ್ರದ ಕಡೆಗೆ ಕೂದಲೆಳೆಯಷ್ಟು ಮಾತ್ರ ತಳ್ಳಿ ನಿಲ್ಲಿಸಿ. ಉಬ್ಬಿದ ಜಾಗ ತಾನಾಗಿ ಬಂದು ತಾಗಲಿ. ತಗ್ಗಿಗೆ ಕಾಗದ ತಾಗಲೇಬಾರದು. ಮೊದಲು 400, ನೀರು ಚಿಮುಕಿಸಿ, ಡ್ರಿಲ್ ನಿಧಾನಕ್ಕೆ. ಹತ್ತು ಸೆಕೆಂಡ್ ಉಜ್ಜಿ, ನಿಲ್ಲಿಸಿ, ಬೆರಳಿಟ್ಟು ನೋಡಿ. ಬೆಚ್ಚಗಾದರೆ ಕಾಯಿರಿ. ಈ ಪ್ಲಾಸ್ಟಿಕ್ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಒಂದು ಸಲ ಸವರಿಕೊಂಡರೆ ಆ ಕಲೆ ಹೋಗಲ್ಲ.

ಎಲ್ಲಿ ತನಕ ಉಜ್ಜಬೇಕು? ಚಕ್ರ ಕಪ್ಪಗಿದ್ದರೆ ಬೆಳ್ಳಿ ಬಣ್ಣದ ಮಾರ್ಕರ್ ತಗೊಂಡು ಅಂಚಿನ ಸುತ್ತ ಬಳಿಯಿರಿ. ಒಣಗಲಿ. ಆಮೇಲೆ ಉಜ್ಜಿ. ಬೆಳ್ಳಿ ಎಲ್ಲಿ ಹೋಯಿತೋ ಅದು ಉಬ್ಬು, ಎಲ್ಲಿ ಉಳಿಯಿತೋ ಅದು ತಗ್ಗು. ಸುತ್ತಲೂ ಬೆಳ್ಳಿ ಹೋದ ಕ್ಷಣ ನಿಲ್ಲಿಸಿ, 600, 1000ಕ್ಕೆ ಹೋಗಿ.

ಇನ್ನೊಂದು ಪರೀಕ್ಷೆ ಬಾಕಿ ಇದೆ, ಇದನ್ನು ಬಹಳ ಜನ ಮಾಡುವುದಿಲ್ಲ. ಡ್ರಿಲ್‌ನ ಚಕ್, ಅಂದರೆ ಬೋಲ್ಟನ್ನು ಕಚ್ಚಿ ಹಿಡಿಯುವ ಮೂತಿ, ಅದೇ ನಡುವಿನಿಂದ ಸ್ವಲ್ಪ ಸರಿದಿದ್ದರೆ? ಆಗಲೂ ನೀವು ಮೊದಲಿನ ತಪ್ಪನ್ನೇ ಮಾಡುತ್ತೀರಿ. ಅದಕ್ಕೆ ಬೆಳ್ಳಿ ಪೂರ್ತಿ ಹೋದ ಮೇಲೆ ಚಕ್ರವನ್ನು ಬೋಲ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಯಿರಿ. ಬೆಳ್ಳಿ ಬಳಿದು ಲಘುವಾಗಿ ತಾಗಿಸಿ. ಸುತ್ತಲೂ ಒಂದೇ ಸಮ ಹೋದರೆ ಸರಿ. ಒಂದೇ ಬದಿ ಹೋದರೆ ಚಕ್ ಅಥವಾ ಟೇಪ್ ಸರಿ ಇಲ್ಲ. ಹಾಗೇನಾದರೂ ಆದರೆ ಉಜ್ಜುವುದನ್ನು ಅಲ್ಲೇ ನಿಲ್ಲಿಸಿ, ಟೇಪ್ ಬಿಚ್ಚಿ ಮತ್ತೆ ಸುತ್ತಿ.

2 ಮತ್ತು 3ನ್ನು ಮುಟ್ಟಬೇಡಿ. ಅವೆರಡು ಹಿಂದಕ್ಕೆ. ಹೆಚ್ಚಿನ ಭಾರ ಹೊರೋದು ಹಿಂದಿನವೇ.


ಚೆಕ್-ಇನ್ ಮೇಜಿನವರು ಬರೆದದ್ದು:

ನಾನು ನಮ್ಮ ಪ್ಯಾಕಿನಲ್ಲಿ ಓಟಕ್ಕೆ ಮುಂಚೆ ಕಾರು ತಪಾಸಣೆ ಮಾಡುವ ಮೇಜಿನಲ್ಲಿ ಕೂರುತ್ತೇನೆ. ತಾತ ಹೇಳಿದ್ದೆಲ್ಲ ಸರಿ. ನನ್ನ ಕಡೆಯಿಂದ ಎರಡು ಮಾತು.

ನಿಯಮ ಪ್ಯಾಕಿನಿಂದ ಪ್ಯಾಕಿಗೆ ಬೇರೆ ಇರುತ್ತದೆ. ನಾವು ಚಕ್ರದಲ್ಲಿ ನೋಡೋದು ಹೊರಮುಖದಲ್ಲಿ ಮೂಡಿರುವ ಅಕ್ಷರ, ಅಂಚಿನ ಆಕಾರ. ಅಂಚು ಚಪ್ಪಟೆಯಾಗಿಯೇ ಇರಬೇಕು. ಮೂಲೆಯನ್ನು ದುಂಡಗೆ ಮಾಡಿದರೆ, ಚಕ್ರವನ್ನು ತೆಳ್ಳಗೆ ಮಾಡಿದರೆ ವಾಪಸ್ ಕಳಿಸುತ್ತೇವೆ. ಮಗು ಮುಖ ಸಣ್ಣ ಮಾಡಿಕೊಂಡು ನಿಲ್ಲೋದನ್ನು ನೋಡೋಕಾಗಲ್ಲ. ಅದಕ್ಕೆ ಉಜ್ಜುವ ಮೊದಲೇ ನಿಮ್ಮ ಪ್ಯಾಕಿನವರಿಗೆ ಒಂದು ಇಮೇಲ್ ಹಾಕಿ. ಒಂದು ಮುಂದಿನ ಚಕ್ರ ಎತ್ತಿ ಮೂರರ ಮೇಲೆ ಓಡಿಸಬಹುದಾ ಅಂತಲೂ ಕೇಳಿ. ಬರೆದಿಲ್ಲ ಅಂದರೆ ಒಪ್ಪಿಗೆ ಇದೆ ಅಂತ ಅರ್ಥ ಅಲ್ಲ. ಒಪ್ಪಿದರೆ ನಿಮ್ಮ ಅತಿ ಕೆಟ್ಟ ಚಕ್ರಕ್ಕೆ ಅದೇ ಜಾಗ. ನೆಲ ಮುಟ್ಟದ ಚಕ್ರ ಕುಣಿಯುವುದೂ ಇಲ್ಲ, ಅದನ್ನು ತಿರುಗಿಸೋಕೆ ಶಕ್ತಿಯೂ ಖರ್ಚಾಗಲ್ಲ.

ಇನ್ನೊಂದು, ಮಾರ್ಕರ್ ಬಳಿಯೋದು, ಮರದ ತುಂಡು ತಳ್ಳೋದು ಮಗಳೇ ಮಾಡಲಿ. ನೀವು ಡ್ರಿಲ್ ಗುಂಡಿ ಮಾತ್ರ ಒತ್ತಿ. ಕಣ್ಣಿಗೆ ಕನ್ನಡಕ ಇರಲಿ, ಕೂದಲು ಕಟ್ಟಿರಲಿ. ಡಾನ್ ಮರ್ಫಿ 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ ಈ ಓಟ ಶುರು ಮಾಡಿದ್ದೇ ಹತ್ತು ವರ್ಷದ ಮಗನಿಗಾಗಿ. ಮಕ್ಕಳು ಕೂತು ಓಡಿಸುವ ಸೋಪ್ ಬಾಕ್ಸ್ ಡರ್ಬಿಗೆ ಆ ಹುಡುಗನ ವಯಸ್ಸು ಸಾಲುತ್ತಿರಲಿಲ್ಲ. ಅಪ್ಪ ಮಗ ಕೂತು ಮಾಡುವಂಥದ್ದು ಒಂದು ಇರಲಿ ಅಂತ ಈ ಪುಟ್ಟ ಕಾರು ಯೋಚಿಸಿದರು. ತಪಾಸಣೆ ಮೇಜಿನಲ್ಲಿ ಯಾವ ಕಾರು ಮಗು ಮಾಡಿದ್ದು ಅಂತ ನನಗೆ ಒಂದೇ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. "ಈ ಚಕ್ರಕ್ಕೆ ಏನು ಮಾಡಿದೆ?" ಅಂತ ಕೇಳುತ್ತೇನೆ. ಮಾಡಿದ ಮಗು ಮಾತು ನಿಲ್ಲಿಸೋದಿಲ್ಲ.


ಮಿಡತೆ ಕಾರಿನ ಅಮ್ಮ ಬರೆದದ್ದು:

ಪ್ಯಾಕಿನವರು ಉತ್ತರ ಕೊಟ್ಟರು. ಉಜ್ಜಬಹುದು, ಅಕ್ಷರ ಕಾಣಬೇಕು. ಮೂರು ಚಕ್ರದ ಮೇಲೆ ಓಡಿಸುವುದಕ್ಕೂ ಒಪ್ಪಿದ್ದಾರೆ.

ಭಾನುವಾರ ಪೂರ್ತಿ ಇದೇ ಕೆಲಸ. 4ನೇ ಚಕ್ರದಿಂದ ಶುರು ಮಾಡಿದೆವು. ಟೇಪ್ ಮೂರು ಸುತ್ತು ಸಾಲಲಿಲ್ಲ, ನಾಲ್ಕು ಬೇಕಾಯಿತು. ಮಗಳು ಬೆಳ್ಳಿ ಬಳಿದಳು, ಮರದ ತುಂಡು ಅವಳೇ ತಳ್ಳಿದಳು. ಮೊದಲ ಹತ್ತು ಸೆಕೆಂಡ್ ಆದ ಮೇಲೆ ನಿಲ್ಲಿಸಿ ನೋಡಿದರೆ ಅಂಚಿನ ಒಂದು ಕಡೆ ಮಾತ್ರ ಕಪ್ಪು. ಆ ಕಪ್ಪಿನ ಎರಡೂ ತುದಿಯಲ್ಲಿ ಬೆಳ್ಳಿ ತೆಳುವಾಗುತ್ತಾ ಹೋಗಿ ಆಮೇಲೆ ದಟ್ಟ. "ಅಮ್ಮ, ಚಂದ್ರನ ಥರ ಇದೆ" ಅಂದಳು. ನಿಜ, ತದಿಗೆ ಚಂದ್ರನ ಹಾಗೇ ಇತ್ತು. ಒಂದೊಂದು ಸಲ ಉಜ್ಜಿದಾಗಲೂ ಕಪ್ಪು ಬೆಳೆಯುತ್ತಾ ಹೋಯಿತು. ಏಳನೇ ಸಲಕ್ಕೆ ಎರಡೂ ತುದಿ ಕೂಡಿಕೊಂಡವು. ಕೊನೆಗೆ ಅಕ್ಕಿಕಾಳಿನಷ್ಟು ಬೆಳ್ಳಿ ಉಳಿದಿತ್ತು, ಅದು ಹೋದ ಕೂಡಲೇ "ಸಾಕು!" ಅಂತ ಕೂಗಿದಳು. ಅರ್ಧ ಸುತ್ತು ತಿರುಗಿಸಿ ನೋಡಿದೆವು. ಬೆಳ್ಳಿ ಸುತ್ತಲೂ ಒಂದೇ ಸಮ ಹೋಯಿತು. ಕಾಗದದ ಪಟ್ಟಿಯಲ್ಲಿ ಅಳೆದರೆ ಈಗ ಒಂದು ಹಾಳೆಯೂ ಹೋಗುವುದಿಲ್ಲ.

1ನೆಯದರಲ್ಲಿ ಅಷ್ಟು ಸಲೀಸಾಗಲಿಲ್ಲ. ಮೂರು ಹಾಳೆಯಿಂದ ಒಂದಕ್ಕೆ ಬಂತು. ಅಲ್ಲಿಗೇ ನಿಲ್ಲಿಸಿದೆವು. ಇನ್ನೂ ಉಜ್ಜಿದರೆ ಅಕ್ಷರದ ಹತ್ತಿರ ಹೋಗುತ್ತೇನೇನೋ ಅನ್ನಿಸಿತು. ಅದನ್ನು ಮುಂದೆ ಬಲಕ್ಕೆ ಹಾಕಿ ಎತ್ತುತ್ತೇವೆ.

3ರ ಮೊಳೆ ನಿಜಕ್ಕೂ ಬಗ್ಗಿತ್ತು. ಮಗಳು ಗಾಜಿನ ಮೇಲೆ ಉರುಳಿಸಿ ಉರುಳಿಸಿ ನೇರ ಮಾಡಿದಳು. ಸೀಳಿಗೆ ಐಸ್‌ಕ್ರೀಮ್ ಕಡ್ಡಿಯ ಚಕ್ಕೆ ಸೇರಿಸಿದೆವು. ಈಗ ಉಗುರು ಬಣ್ಣದ ಚುಕ್ಕೆ ಕದಲುವುದಿಲ್ಲ.

ಎರಡು ಪ್ರಶ್ನೆ ಉಳಿದಿದೆ ಸರ್. ಎತ್ತುವುದು ಎಷ್ಟು? ತೂತಿನ ಒಳಗೆ ಏನಾದರೂ ಮಾಡಬೇಕಾ?


ಟೂಲ್ ರೂಮ್ ತಾತ ಬರೆದದ್ದು:

ಅಕ್ಷರದ ಹತ್ತಿರ ಹೋಗುತ್ತೇನೆ ಅನ್ನಿಸಿದಾಗ ಕೈ ನಿಂತಿತಲ್ಲ, ಅದು ಬಹಳ ಒಳ್ಳೆ ನಿರ್ಧಾರ. ಒಂದು ಹಾಳೆಗೆ ತಂದಿದ್ದೀರಿ, ನೆಲ ಮುಟ್ಟದ ಜಾಗಕ್ಕೆ ಅಷ್ಟು ಧಾರಾಳ.

ಎತ್ತೋದು 1.5 ಮಿ.ಮೀ. ಸಾಕು. ಆ ಮೊಳೆಯನ್ನು ಸ್ವಲ್ಪ ಬಗ್ಗಿಸಿ, ತಲೆಯ ಕಡೆ ಮೇಲೆ ಬರುವ ಹಾಗೆ ಸೀಳಿನಲ್ಲಿ ತಿರುಗಿಸಿದರೆ ಚಕ್ರ ಏಳುತ್ತದೆ. ಉಳಿದ ಮೂರು ನೇರ ಇರಲಿ. ಕಾರನ್ನು ಸಮತಟ್ಟಾದ ನೆಲದ ಮೇಲೆ ಐದಾರು ಅಡಿ ಉರುಳಿಸಿ, ಯಾವ ಕಡೆ ಎಳೆಯುತ್ತದೆ ನೋಡಿ. ತುಂಬಾ ಎಳೆದರೆ ಮುಂದಿನ ಎಡ ಮೊಳೆಯನ್ನು ಕೂದಲೆಳೆಯಷ್ಟು ಸರಿಪಡಿಸಿ.

ತೂತಿಗೆ, ಹೌದು, ಮಾಡಬೇಕು. ನೀವು ಉಜ್ಜುವಾಗ ನೀರಿನ ಜೊತೆ ಕಪ್ಪು ಪುಡಿ ಒಳಗೆ ಹೋಗಿರುತ್ತದೆ. ಟೇಪಿನ ಅಂಟೂ ಇರುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಪೈಪ್ ಕ್ಲೀನರ್ ತೂರಿಸಿ ಹಿಂದೆ ಮುಂದೆ ಎಳೆಯಿರಿ. ಅದಕ್ಕೆ ಪ್ಲಾಸ್ಟಿಕ್ ಪಾಲಿಶ್ ಸ್ವಲ್ಪ ಹಚ್ಚಿ ಇಪ್ಪತ್ತು ಸಲ ಎಳೆದರೆ ಒಳಗೆ ನುಣುಪಾಗುತ್ತದೆ. ಆಮೇಲೆ ಮತ್ತೆ ತೊಳೆದು ಒಂದು ರಾತ್ರಿ ಒಣಗಿಸಿ. ಒದ್ದೆ ಇರುವಾಗ ಗ್ರಾಫೈಟ್ (ಚಕ್ರ ಸಲೀಸಾಗಿ ತಿರುಗಲು ಹಾಕುವ ಒಣ ಪುಡಿ) ಹಾಕಿದರೆ ಕೆಸರಾಗುತ್ತದೆ. ಒಣಗಿದ ಮೇಲೆ ಗ್ರಾಫೈಟ್ ಪುಡಿ ತೂತಿಗೆ, ಮೊಳೆಗೆ, ಚಕ್ರದ ಒಳಬದಿಯ ಹಬ್ (ತೂತಿನ ಸುತ್ತಲಿನ ನಡುಭಾಗ) ಮರಕ್ಕೆ ತಾಗುವ ಜಾಗಕ್ಕೆ ಹಾಕಿ. ಚಕ್ರವನ್ನು ಕೈಯಲ್ಲಿ ಸುತ್ತಿಸಿ, ಮತ್ತೆ ಹಾಕಿ, ಮತ್ತೆ ಸುತ್ತಿಸಿ. ಎಣ್ಣೆ ಬೇಡ.

ಮೊಳೆ ಒಳಕ್ಕೆ ತಳ್ಳುವಾಗ ಚಕ್ರ ಮತ್ತು ಮರದ ನಡುವೆ ಒಂದು ಹಳೇ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ. ಕಾರ್ಡ್ ಸುಮಾರು 0.76 ಮಿ.ಮೀ. ದಪ್ಪ, ಅಷ್ಟು ಸಂದಿ ಸರಿಯಾದ ಅಳತೆ. ತಳ್ಳಿ ಮುಗಿದ ಮೇಲೆ ಕಾರ್ಡ್ ತೆಗೆದು ಚಕ್ರ ಸುತ್ತಿಸಿ. ಕಿವಿ ಹತ್ತಿರ ಹಿಡಿದು ಮಗಳು ಕೇಳಲಿ. ಕೆರೆದ ಸದ್ದು ಇಲ್ಲ ಅಂದರೆ ಮಾತ್ರ ಸೀಳಿಗೆ ಅಂಟು ಒಂದೇ ಒಂದು ಹನಿ, ಕಡ್ಡಿಯ ತುದಿಯಿಂದ, ಚಕ್ರದಿಂದ ದೂರದ ಕಡೆ.


ಮಿಡತೆ ಕಾರಿನ ಅಮ್ಮ ಬರೆದದ್ದು:

ತೊಳೆದು ಟವೆಲ್ ಮೇಲೆ ಸಾಲಾಗಿ ಒಣಗೋಕೆ ಇಟ್ಟಿದ್ದೇವೆ. ಮಗಳು ಪಕ್ಕದಲ್ಲಿ ಚೀಟಿ ಬರೆದಿಟ್ಟಿದ್ದಾಳೆ: 2 ಹಿಂದೆ ಎಡ, 3 ಹಿಂದೆ ಬಲ, 4 ಮುಂದೆ ಎಡ, 1 ಗಾಳಿಯಲ್ಲಿ. ನಾಳೆ ಶಾಲೆಯಿಂದ ಬಂದ ಮೇಲೆ ಗ್ರಾಫೈಟ್. ಕ್ರೆಡಿಟ್ ಕಾರ್ಡ್ ಆಗಲೇ ನನ್ನ ಬ್ಯಾಗಿನಿಂದ ತೆಗೆದಿಟ್ಟುಕೊಂಡಿದ್ದಾಳೆ.